ಗೋವಿಂದರಾಜುವಿನ ಎಡಗಿವಿ

ನಮ್ಮ ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿಗೆ 'ತೊಂಬತ್ತೈದರ ಗೆಳೆಯರು' ಅಂತ ಹೆಸರು. ನಲವತ್ತಮೂರು ಜನ ಇದ್ದೇವೆ. ಬೆಳಗಾದರೆ ಗುಲಾಬಿ ಹೂವಿನ ಚಿತ್ರ, ಸಂಜೆಯಾದರೆ ಸಕ್ಕರೆ ಕಾಯಿಲೆಗೆ ಮೆಂತ್ಯದ ನೀರು. ಇದರ ಅಡ್ಮಿನ್ ಹನುಮಂತರಾಜು ಗುಬ್ಬಿಯಲ್ಲಿ ಸೈಟು ಮಾರಿಸುವ ಕೆಲಸ ಮಾಡುತ್ತಾನೆ. ಅವನು ಬಾಯಿ ಮುಚ್ಚಿಕೊಂಡಿದ್ದನ್ನು ನಾವು ಯಾರೂ ಕಂಡಿಲ್ಲ. ಹೋದ ಡಿಸೆಂಬರಿನಲ್ಲಿ ಅವನೇ ಮೆಸೇಜು ಹಾಕಿದ. ಹತ್ತನೇ ಕ್ಲಾಸು ಮುಗಿಸಿ ಮೂವತ್ತು ವರ್ಷವಾಗುತ್ತಾ ಬಂತು, ಗುಬ್ಬಿಯಲ್ಲೇ ಒಂದು ಕಲ್ಯಾಣಮಂಟಪ ಹಿಡಿದು ಗುರುವಂದನೆ ಇಟ್ಟುಕೊಳ್ಳೋಣ, ನಮ್ಮ ಲೆಕ್ಕದ ಮೇಷ್ಟರು ಚನ್ನವೀರಯ್ಯನವರನ್ನು ಸನ್ಮಾನಿಸೋಣ ಅಂತ.

ಈಗ ಊರೂರಲ್ಲೂ ಇದೊಂದು ಗೀಳು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವುದು, ಮೇಷ್ಟರಿಗೆ ಪೇಟ ತೊಡಿಸಿ ಶಾಲು ಹೊದಿಸಿ ಕಾಲಿಗೆ ಬೀಳುವುದು, ಆಮೇಲೆ ಒಬ್ಬಟ್ಟಿನ ಊಟ ಹೊಡೆದು, ಬೊಕ್ಕತಲೆಗಳೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು. ಎಲ್ಲರೂ ಕೈಮುಗಿದ ಗುರುತು ಒತ್ತಿದರು. ನಾನೂ ಒತ್ತಿದೆ.

ಅವತ್ತೇ ಮಧ್ಯಾಹ್ನ, ಗ್ರೂಪಿಗೆ ಹೊಸದಾಗಿ ಸೇರಿದ ನಂಬರಿನಿಂದ ಒಂದು ಮೆಸೇಜು ಬಂತು. "ನಾನು ಗೋವಿಂದರಾಜು. ಕುಣಿಗಲಲ್ಲಿ ಇದೀನಿ. ನಾನೂ ಬತ್ತೀನಿ. ರವೀಶ ಬತ್ತಾನಾ?"

ರವೀಶ ಅಂದರೆ ನಾನು. ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಉಪ್ಪಾರಹಳ್ಳಿಯಲ್ಲಿ ಮನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಫೋನನ್ನು ಮಕಾಡೆ ಮಲಗಿಸಿದೆ. ಹೆಂಡತಿ ಮಂಜುಶ್ರೀ ಕೇಳಿದಳು, "ಯಾರ್ರೀ ಅದು? ಮುಖ ಯಾಕೆ ಹಂಗಾಯ್ತು?" ಯಾರೋ ಹಳೇ ಕ್ಲಾಸ್‌ಮೇಟು ಅಂದೆ. ಆ ನಂಬರು ನನಗೆ ಹೊಸದಲ್ಲ. ಐದಾರು ತಿಂಗಳ ಹಿಂದೆ, ಆಷಾಢದಲ್ಲಿ, ಅದೇ ನಂಬರಿನಿಂದ ಏಳು ಸಲ ಫೋನು ಬಂದಿತ್ತು. ಒಂದು ಮೆಸೇಜೂ ಬಂದಿತ್ತು. "ನಾನ್ ಕಣೋ, ಗೋವಿಂದರಾಜು. ಅವ್ವನ ಹತ್ರ ಬಂದು ಒಂದ್ ಮಾತು ಹೇಳೋಗು." ನಾನು ಎತ್ತಲೂ ಇಲ್ಲ, ಉತ್ತರ ಬರೆಯಲೂ ಇಲ್ಲ.

ಗೋವಿಂದರಾಜು ಯಾರು ಅಂತ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅವನ ಅಪ್ಪ ಕದರಯ್ಯ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದರು, ತಾಯಿ ನರಸಮ್ಮ ಕಳೆ ಕೀಳಲು. ಒಬ್ಬನೇ ಮಗ. ಕಾಲು ಉದ್ದ, ಓಟದಲ್ಲಿ ಹೋಬಳಿಗೇ ಮೊದಲು. ಪೊಲೀಸ್ ಆಗುವುದು ಅವನ ಆಸೆ. "ಬೆಳ್ಳಾವಿಗೆ ಪೋಸ್ಟಿಂಗ್ ಹಾಕಿಸ್ಕೋತೀನಿ ಕಣೋ, ನಮ್ಮತ್ತೆ ಮನೆ ಐತೆ, ಊಟಕ್ಕೆ ತಾಪತ್ರಯ ಇಲ್ಲ" ಅನ್ನುತ್ತಿದ್ದ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ನಮ್ಮಮ್ಮ ಸದಾ ಕಾಯಿಲೆಯವಳಾದ್ದರಿಂದ ನನ್ನ ರಾತ್ರಿ ಊಟ ಹೆಚ್ಚುಕಡಿಮೆ ಅವರ ಮನೆಯಲ್ಲೇ. ನರಸಮ್ಮ ಮುದ್ದೆ ಕಟ್ಟುವಾಗ ನನ್ನನ್ನೂ ಎಣಿಸಿಕೊಂಡೇ ಕಟ್ಟುತ್ತಿದ್ದರು. ನನ್ನನ್ನು 'ಸಣ್ಣೈದ', ಅಂದರೆ ಸಣ್ಣ ಹುಡುಗ, ಅಂತ ಕರೆಯುತ್ತಿದ್ದರು.

ಚನ್ನವೀರಯ್ಯ ಮೇಷ್ಟರು ಕೈಯಲ್ಲಿ ಬೆತ್ತ ಹಿಡಿದವರಲ್ಲ. ಅವರ ಪದ್ಧತಿ ಬೇರೆ. ಪ್ರಶ್ನೆ ಕೇಳುತ್ತಾರೆ, ಉತ್ತರ ಬರದವರೆಲ್ಲ ಎದ್ದು ನಿಲ್ಲಬೇಕು, ಉತ್ತರ ಹೇಳಿದವನು ಸಾಲಾಗಿ ಹೋಗಿ ಎಡಗೈಯಲ್ಲಿ ಒಬ್ಬೊಬ್ಬರ ಮೂಗು ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಆ ಕಾಲದಲ್ಲಿ ಓದಿದವರಿಗೆ ಇದು ಗೊತ್ತು. ಮೇಷ್ಟರ ಕೈಗೂ ನೋವಿಲ್ಲ, ಮೇಷ್ಟರ ಮೇಲೆ ದೂರೂ ಇಲ್ಲ, ಹುಡುಗರು ಹುಡುಗರ ಮೇಲೇ ಹಲ್ಲು ಮಸೆಯುತ್ತಾರೆ. ನಾನು ಲೆಕ್ಕದಲ್ಲಿ ಮುಂದೆ ಇದ್ದೆ. ಹಾಗಾಗಿ ದಿನಾ ಹೊಡೆಯುವ ಕೆಲಸ ನನ್ನದು. ಗೋವಿಂದರಾಜುವಿನ ಸರದಿ ಬಂದಾಗ ಮಾತ್ರ ಕೈಯನ್ನು ಜೋರಾಗಿ ಬೀಸಿ ಕೆನ್ನೆಯ ಹತ್ತಿರ ಬಂದಾಗ ಸಡಿಲ ಮಾಡುತ್ತಿದ್ದೆ. ಅವನು ಪೆಟ್ಟು ಬಿದ್ದವನ ಹಾಗೆ ತಲೆ ಒದರುತ್ತಿದ್ದ. ನಾಟಕ ಚೆನ್ನಾಗಿಯೇ ನಡೆದಿತ್ತು.

ನವೆಂಬರಿನ ಒಂದು ದಿನ ಮೇಷ್ಟರು ಕಂಡುಹಿಡಿದರು. "ಏನಯ್ಯ, ಸ್ನೇಹಿತನ ಕೆನ್ನೆ ಸವರ್ತಾ ಇದೀಯಾ? ಹೊಡಿ ಸರಿಯಾಗಿ" ಅಂದರು. ಹೊಡೆದೆ. "ಇನ್ನೊಂದು" ಅಂದರು. ಹೊಡೆದೆ. "ಸೊಳ್ಳೆ ಹೊಡೀತಾ ಇದಾನೆ ನೋಡ್ರೋ ಇವನು" ಅಂದರು. ಕ್ಲಾಸು ಗೊಳ್ಳೆಂದು ನಕ್ಕಿತು, ಹುಡುಗಿಯರ ಸಾಲೂ ನಕ್ಕಿತು. ಆಗ ನಾನು ಮೂರನೆಯ ಏಟು ಹೊಡೆದೆ.

ಇದನ್ನು ಸರಿಯಾಗಿ ಬರೆಯಬೇಕು. ಮೊದಲ ಎರಡು ಏಟು ಮೇಷ್ಟರ ಹೆದರಿಕೆಗೆ ಹೊಡೆದದ್ದು. ಮೂರನೆಯದನ್ನು ಹೊಡಿ ಅಂತ ಯಾರೂ ಹೇಳಲಿಲ್ಲ. ಆ ನಗು ನಿಲ್ಲಬೇಕಾಗಿತ್ತು, ಅದಕ್ಕೆ ಹೊಡೆದೆ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಅಂಗೈ ಕೆನ್ನೆಗೆ ಬೀಳಲಿಲ್ಲ, ಕಿವಿಗೇ ಬಿತ್ತು. ನಗು ನಿಂತುಹೋಯಿತು. ಒಂದು ಗಳಿಗೆ ನನಗೆ ಹಿತವಾಯಿತು. ಇದನ್ನು ನಾನು ಹೆಂಡತಿಗೂ ಹೇಳಿಲ್ಲ.

ಗೋವಿಂದರಾಜು ಕಿವಿ ಮುಚ್ಚಿಕೊಂಡು ಕೂತುಬಿಟ್ಟ. ಬೆರಳ ಸಂದಿಯಲ್ಲಿ ರಕ್ತ ಕಾಣಿಸಿತು. ಮೇಷ್ಟರ ಮುಖ ಬಿಳಿಚಿಕೊಂಡಿತು. ಕದರಯ್ಯನ ಸಿಟ್ಟು ಊರಿಗೆಲ್ಲ ಗೊತ್ತು, ಮಚ್ಚು ಹಿಡಿದೇ ಓಡಾಡುವ ಮನುಷ್ಯ. ಮೇಷ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. "ಕಿವಿಗೆ ಹುಳ ಹೋಯ್ತು, ಕಡ್ಡಿ ಹಾಕಿ ಕೆದಕಿಕೊಂಡ ಅಂತ ಹೇಳಿ. ಇಲ್ಲದಿದ್ರೆ ರವೀಶ, ನಿನ್ನನ್ನ ಆಯಪ್ಪ ಉಳಿಸೋದಿಲ್ಲ." ನಾನು ಅಲ್ಲೇ ಅತ್ತೆ. ಗೋವಿಂದರಾಜು ನನ್ನ ಮುಖ ನೋಡಿ, "ಅಳಬ್ಯಾಡ ಬುಡ್ಲಾ, ಹುಳ ಅಂತೀನಿ" ಅಂದ. ಅವನನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋಗಿ, ಬಾಗಿಲಲ್ಲಿ ಅಳುತ್ತಾ ನಿಂತು, ಹುಳ ಹೋಗಿದೆ ಅಂತ ನರಸಮ್ಮನಿಗೆ ಹೇಳಿದವನು ನಾನೇ. ಸಂಜೆ ಮೇಷ್ಟರೂ ಬಂದು ಅದನ್ನೇ ಹೇಳಿ ಕಾಫಿ ಕುಡಿದು ಹೋದರು.

ಕಿವಿಗೆ ಹುಳ ಹೋದರೆ ತಾಯಂದಿರು ಏನು ಮಾಡುತ್ತಾರೋ ಅದನ್ನೇ ನರಸಮ್ಮ ಮಾಡಿದರು. ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಮಗನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಗೆ ಬಿಟ್ಟರು. ಹುಳ ಹೊರಗೆ ಬರಲಿಲ್ಲ. ಮಾರನೆಯ ದಿನ ಮತ್ತೆ ಬಿಟ್ಟರು, ಮೂರನೆಯ ದಿನವೂ ಬಿಟ್ಟರು. ಹರಿದ ಕಿವಿತಮಟೆಯೊಳಗೆ ಎಣ್ಣೆ ಇಳಿಯುತ್ತಿದ್ದರೆ ಅವನು ಸೆರಗು ಕಚ್ಚಿಕೊಂಡು ಸುಮ್ಮನಿದ್ದನಂತೆ, ಬಾಯಿ ಬಿಡಲಿಲ್ಲ. ವಾರದಲ್ಲಿ ಕೀವು, ಚಳಿಜ್ವರ. ತುಮಕೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಅಲ್ಲಿನ ಡಾಕ್ಟರು, "ಯಾರಮ್ಮ ಕಿವಿಗೆ ಎಣ್ಣೆ ಸುರಿದಿದ್ದು? ಇಂಥ ತಾಯಿ ಇದ್ರೆ ಶತ್ರು ಯಾಕೆ ಬೇಕು?" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವತ್ತಿನಿಂದ ಆ ತಾಯಿ ಮಗನ ಕಿವಿಯನ್ನು ತಾನೇ ಕಳೆದೆ ಅಂತ ನಂಬಿದರು.

ಎಡಗಿವಿ ಪೂರ್ತಿ ಹೋಯಿತು. ಪರೀಕ್ಷೆಯ ಹೊತ್ತಿಗೆ ಅವನು ಆಸ್ಪತ್ರೆ ಮನೆ ಅಂತ ಅಲೆಯುತ್ತಿದ್ದ, ಲೆಕ್ಕದಲ್ಲಿ ಫೇಲಾದ. ಮತ್ತೆ ಕಟ್ಟಿ ಪಾಸು ಮಾಡಿಕೊಂಡ. ಪೊಲೀಸ್ ಆಯ್ಕೆಗೆ ಹೋದಾಗ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದರೂ, ಮೆಡಿಕಲ್‌ನಲ್ಲಿ ಕಿವಿ ನೋಡಿ ಹೊರಗೆ ಹಾಕಿದರು. ಆಮೇಲೆ ಅಪ್ಪನ ಹಾಗೆ ಕಾಯಿ ಸುಲಿಯುವುದಕ್ಕೆ ನಿಂತ. ಅಪ್ಪ ತೀರಿಕೊಂಡ ಮೇಲೆ, ಹೆಂಡತಿ ಕೋಮಲಾಳ ಊರಿನ ಕಡೆ ಅಂತ ಕುಣಿಗಲ್ಲಿಗೆ ಹೋದ. ಅಲ್ಲೊಂದು ಕೊಬ್ಬರಿ ಮಂಡಿಯಲ್ಲಿ ಕೆಲಸ. ಒಣಗಿದ ಕಾಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಟ್ಟಿಯಾಗಿ ಬಿಟ್ಟುಕೊಂಡಿದೆಯಾ ಅಂತ ಸದ್ದು ಕೇಳಿ ಬೇರೆ ಮಾಡುವುದು. ಒಂದೊಂದು ಕಾಯನ್ನೂ ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ ಅಂತ ಯಾರೋ ಗ್ರೂಪಿನಲ್ಲೇ ಹೇಳಿ ನಕ್ಕಿದ್ದರು. ನಾನು ಪಿಯುಸಿ, ಡಿಗ್ರಿ, ನೌಕರಿ ಅಂತ ಹೊರಟುಹೋದೆ. ಹಿಂದೆ ತಿರುಗಿ ನೋಡಲಿಲ್ಲ ಅನ್ನುವುದು ದೊಡ್ಡಸ್ತಿಕೆಯ ಮಾತು. ನೋಡಲು ಹೆದರಿದೆ.

ಜನವರಿಯ ಭಾನುವಾರ ಗುಬ್ಬಿಯ ಮಂಟಪಕ್ಕೆ ಹೋದೆ. ಅಷ್ಟು ಜನರ ನಡುವೆ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಬಾಗಿಲಲ್ಲೇ ಸಿಕ್ಕಿದ. ಒಗೆದ ಬಿಳಿ ಅಂಗಿ, ಕೂದಲೆಲ್ಲ ನರೆತಿತ್ತು. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಿವಿಯನ್ನು ನನ್ನ ಕಡೆ ಮಾಡಿ ನಿಂತ.

"ಏನ್ಲಾ ರವೀಶ, ದಪ್ಪ ಆಗ್ಬುಟ್ಟಿದೀಯಲ್ಲೋ" ಅಂದ. ನಾನು ನಗುವುದರೊಳಗೆ ವಿಷಯಕ್ಕೆ ಬಂದ. "ಅವ್ವ ಜಾಸ್ತಿ ದಿನ ಇರಾಕಿಲ್ಲ ಕಣೋ. ಕಿಡ್ನಿ ಎರಡೂ ಹೋಗವೆ ಅಂತ ಡಾಕ್ಟ್ರು ಮನೆಗೆ ಕಳಿಸ್ಬುಟ್ಟವ್ರೆ. ಇನ್ನೂ ನಾನೇ ಮಗನ ಕಿವಿ ತಗದೆ, ನಂಗೆ ಒಳ್ಳೇ ಸಾವು ಬರಾಕಿಲ್ಲ ಅಂತ ಅಳ್ತಾಳೆ. ನಾನ್ ಹೇಳುದ್ರೆ ನಂಬಲ್ಲ, ಸಮಾಧಾನಕ್ಕೆ ಹೇಳ್ತೀಯ ಅಂತಾಳೆ. ನೀನೂ ಮೇಷ್ಟ್ರೂ ಇವತ್ತೇ ಬಂದು ಹುಳ ಅಲ್ಲ, ಏಟು ಅಂತ ಹೇಳ್ಬುಡಿ. ಇನ್ನೇನೂ ಬ್ಯಾಡ ನಂಗೆ."

"ಕಾರ್ಯಕ್ರಮ ಮುಗೀಲಿ, ನೋಡಣ" ಅಂದೆ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ನಾನು ಜನರಿಗೆ ಹೇಳುವ ಮಾತು ಅದು.

ಮೇಷ್ಟರು ಬಂದರು. ಎಪ್ಪತ್ತೆಂಟಾದರೂ ಬೆನ್ನು ನೆಟ್ಟಗಿತ್ತು. ಪೇಟ ತೊಡಿಸಿದೆವು, ಶಾಲು ಹೊದಿಸಿದೆವು. ಮೈಕು ಹಿಡಿದು ಮಾತಾಡಿದರು. "ಇವತ್ತಿನ ಮಕ್ಕಳನ್ನ ಮುಟ್ಟೋ ಹಾಗಿಲ್ಲ. ನಾನು ಅವತ್ತು ಕಟ್ಟುನಿಟ್ಟು ಮಾಡಿದ್ದಕ್ಕೆ ನೀವೆಲ್ಲ ಮನುಷ್ಯರಾದ್ರಿ" ಅಂದರು. ಚಪ್ಪಾಳೆಯೋ ಚಪ್ಪಾಳೆ. ಆಗ ಹನುಮಂತರಾಜುವಿಗೆ ಹುಮ್ಮಸ್ಸು ಬಂತು. ಮೈಕು ಕಿತ್ತುಕೊಂಡು, "ಮೂಗು ಹಿಡಿದು ಕೆನ್ನೆಗೆ ಕೊಡೋ ಪದ್ಧತಿ ನೆನಪೈತೇನ್ರೋ? ಇವತ್ತು ಇನ್ನೊಂದ್ ಸಲ ಆಗ್ಲಿ! ರವೀಶ, ಬಾರಪ್ಪ ಮೇಲಕ್ಕೆ. ಯಾರಿಗೆ ಹೊಡೀತೀಯ? ನಿನ್ನ ಬೆಂಚ್‌ಮೇಟು ಗೋವಿಂದರಾಜು ಇದಾನಲ್ಲ!" ಅಂತ ಕೂಗಿದ. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಅವನು ಪಕ್ಕದ ಸೆಕ್ಷನ್ನಿನವನು, ಅವನಿಗೆ ಹುಳದ ಕಥೆಯೇ ಗೊತ್ತಿದ್ದದ್ದು, ಉಳಿದವರಲ್ಲಿ ಅರ್ಧ ಜನಕ್ಕೂ ಅಷ್ಟೇ. ಮಿಕ್ಕ ಅರ್ಧ ಜನ ಅವತ್ತು ಕ್ಲಾಸಿನಲ್ಲೇ ಕೂತು ಎಲ್ಲ ನೋಡಿ, ಆಮೇಲೆ ಮರೆತವರು.

ನಲವತ್ತು ಫೋನುಗಳು ಮೇಲೆದ್ದವು. ನನ್ನನ್ನು ತಳ್ಳಿಕೊಂಡು ಹೋಗಿ ವೇದಿಕೆ ಹತ್ತಿಸಿದರು. ಗೋವಿಂದರಾಜು ತಾನೇ ಹತ್ತಿ ಬಂದು ನನ್ನ ಎದುರಿಗೆ ನಿಂತು ಮುಖ ಕೊಟ್ಟ. "ಹೊಡಿ, ಹೊಡಿ" ಅಂತ ಕೆಳಗೆ ಗದ್ದಲ. ನನ್ನ ಕೈ ಏಳಲಿಲ್ಲ. ಗೋವಿಂದರಾಜು ಹನುಮಂತರಾಜುವಿನ ಕೈಯಿಂದ ಮೈಕು ತೆಗೆದುಕೊಂಡ. ಕಿವಿ ಮಂದವಾದವರು ಮಾತಾಡುವ ಹಾಗೆ ಬಹಳ ಜೋರಾಗಿ ಹೇಳಿದ.

"ನನ್ ಕಿವಿಗೆ ಹುಳ ಹೋಗಿರ್ಲಿಲ್ಲ. ಮೇಷ್ಟ್ರು ಹೊಡಿ ಅಂದ್ರು, ಇವನು ಹೊಡ್ದ. ಮೇಷ್ಟ್ರೇ ಹುಳ ಅನ್ನಿ ಅಂತ ಹೇಳ್ಕೊಟ್ರು. ನಾವು ಹಂಗೇ ಅಂದೋ. ನಂಗೆ ಯಾರ ಮೇಲೂ ಸಿಟ್ಟಿಲ್ಲ. ಮೇಷ್ಟ್ರೇ, ನಮ್ಮವ್ವ ಸಾಯ್ತಾ ಅವ್ಳೆ. ಬಂದು ಒಂದ್ ಮಾತು ಹೇಳಿ. ನಿಮ್ ಕಾಲಿಗೆ ಬೀಳ್ತೀನಿ."

ಬಿದ್ದ ಕೂಡ. ಎಲ್ಲರೂ ಅವತ್ತು ಬೆಳಗ್ಗೆಯಿಂದ ಮೇಷ್ಟರ ಕಾಲಿಗೆ ಬೀಳುತ್ತಲೇ ಇದ್ದರು, ಹಾಗಾಗಿ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿಬಿಟ್ಟರು. ಮೇಷ್ಟರು ಪೇಟ ಸರಿಮಾಡಿಕೊಂಡು, "ಏಳಪ್ಪ, ಏಳು, ಆಮೇಲೆ ಮಾತಾಡೋಣ" ಅಂದರು. ಹನುಮಂತರಾಜು ಸ್ಪೀಕರಿನಲ್ಲಿ ಹಾಡು ಹಾಕಿಸಿ, ಊಟ ರೆಡಿ ಇದೆ ಅಂತ ಸಾರಿದ. ಎಲೆಯ ಮುಂದೆ ಕೂತಾಗ ಯಾರೂ ನಮ್ಮಿಬ್ಬರ ಅಕ್ಕಪಕ್ಕ ಕೂರಲಿಲ್ಲ.

ಮೇಷ್ಟರು ಕಾರು ಹತ್ತುವ ಹೊತ್ತಿಗೆ ಇಬ್ಬರೂ ಹೋಗಿ ನಿಂತೆವು. ನಾನೂ ಬಾಯಿ ಬಿಟ್ಟೆ. "ಸಾರ್, ಅರ್ಧ ದಿನದ ಕೆಲಸ. ನಾನೇ ಕರ್ಕೊಂಡು ಹೋಗಿ ಮನೆಗೆ ಬಿಡ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಯಾರ ಮೇಲೂ ಕೈ ಎತ್ತಿದವನಲ್ಲ ಕಣಯ್ಯ. ಹೊಡೆದವನು ನೀನು. ಸಾಯೋ ಮುದುಕಿಗೆ ಈಗ ಇದನ್ನೆಲ್ಲ ಹೇಳಿ ಯಾಕೆ ನೋಯಿಸ್ತೀರಾ? ನಾಲ್ಕು ಜನರ ಮುಂದೆ ಮರ್ಯಾದೆ ಕಳೆದಿದ್ದು ಸಾಲದಾ?" ಕಾರಿನ ಗಾಜು ಮೇಲೇರಿತು.

ಗೋವಿಂದರಾಜು ಧೂಳು ನೋಡುತ್ತಾ ನಿಂತ. ಆಮೇಲೆ, "ನೀನಾದ್ರೂ ಬತ್ತೀಯೇನ್ಲಾ?" ಅಂದ. ಹೂಂ ಅಂದೆ. ಆ ಹೂಂ ಅನ್ನುವುದಕ್ಕೆ ಮೂವತ್ತು ವರ್ಷ ಹಿಡಿದಿತ್ತು.

ನನ್ನ ಹಳೇ ಮಾರುತಿಯಲ್ಲಿ ತುಮಕೂರು ಹಾಯ್ದು ಕುಣಿಗಲ್ ದಾರಿ ಹಿಡಿದೆವು. ಪಕ್ಕದ ಸೀಟಿನಲ್ಲಿ ಕೂತ ಅವನ ಬಲಗಿವಿ ನನ್ನ ಕಡೆಗಿತ್ತು. ಹೆಬ್ಬೂರು ದಾ​ಟಿದೆವು. ಆಮೇಲೆ ಅವನೇ ಶುರು ಮಾಡಿದ. "ಅವ್ವ ಅವತ್ತಿಂದ ತಲೆಗೆ ಎಣ್ಣೆ ಮುಟ್ಟಿಸಿಲ್ಲ ಕಣೋ. ನನ್ ಮಗಳು ಪೂಜಾ ಹುಟ್ಟುದಾಗ ಎಣ್ಣೆ ಹಚ್ಚಿ ನೀರು ಹಾಕವ್ವ ಅಂದ್ರೆ, ಈ ಕೈಯಲ್ಲಿ ಆಗಾಕಿಲ್ಲ, ಪಕ್ಕದ ಮನೆಯೋರ್ನ ಕರೀರಿ ಅಂದ್ಲು. ಮೊಮ್ಮಗಳನ್ನ ಒಂದಿನ ತೊಡೆ ಮೇಲೆ ಮಲಗಿಸ್ಕೊಳ್ಳಲಿಲ್ಲ. ಕಾಲು ನಡೆಯೋ ತಂಕ ಸೋಮವಾರ ಸೋಮವಾರ ಯಡಿಯೂರಿಗೆ ಹೋಗಿ ಸಿದ್ದಲಿಂಗೇಶ್ವರನ ಮುಂದೆ ತಪ್ಪಾಯ್ತು ತಪ್ಪಾಯ್ತು ಅಂತ ಕೆನ್ನೆ ಬಡ್ಕೊಳ್ಳೋಳು. ಕೆನ್ನೆ ಕೆಂಪಾಗೋದು. ನಾನು ನೋಡ್ತಾ ನಿಂತಿರ್ತಿದ್ದೆ."

"ಮೊದಲೇ ಯಾಕೋ ಹೇಳಲಿಲ್ಲ ನೀನು?" ಅಂದೆ.

"ಅಪ್ಪ ಇರೋ ತಂಕ ಹೆದರಿಕೆ, ನಿನ್ನ ಕಡಿದಾಕ್ತಾನೆ ಅಂತ. ಅಪ್ಪ ಹೋದ್ಮೇಲೆ ಹೇಳ್ದೆ. ಅಷ್ಟೊತ್ತಿಗೆ ತಡ ಆಗೋಗಿತ್ತು. ನನ್ ಬಂಗಾರ, ನನ್ ಪಾಪ ಮುಚ್ಚಾಕೆ ಸುಳ್ಳು ಹೇಳ್ತಾ ಅವ್ನೆ ಅಂತ ತಬ್ಕೊಂಡು ಅತ್ತಳು."

ಕಾರು ನಿಲ್ಲಿಸಿ ಎರಡು ನಿಮಿಷ ಹೊರಗೆ ನಿಂತುಕೊಂಡೆ.

ಕುಣಿಗಲ್ಲಿನಲ್ಲಿ ಅವನದು ಎರಡು ಕೋಣೆಯ ಮನೆ. ನಾಲ್ಕು ಗಂಟೆಯ ಬಿಸಿಲು ಹೊಸಿಲವರೆಗೆ ಬಂದಿತ್ತು. ನರಸಮ್ಮ ಮಂಚದ ಮೇಲೆ ಮಲಗಿದ್ದರು. ಕಾಲು ಊದಿ, ಮುಖ ಊದಿ, ಎರಡು ಕಣ್ಣಿಗೂ ಪೊರೆ ಬಂದು ಬೆಳ್ಳಗಾಗಿತ್ತು. ಒಣಗಿದ ಬಿಳಿ ಕೂದಲು ಹುಲ್ಲಿನ ಹಾಗೆ ಕೆದರಿತ್ತು. ಪಕ್ಕದಲ್ಲಿ ಅವರ ತಂಗಿ ಸಿದ್ದಲಕ್ಷ್ಮಮ್ಮ ಕೂತು ಬೀಸಣಿಗೆ ಬೀಸುತ್ತಿದ್ದರು. ಕೋಮಲಾ ನೀರು ತಂದುಕೊಟ್ಟಳು.

"ಅವ್ವಾ, ರವೀಶ ಬಂದವ್ನೆ" ಅಂದ ಗೋವಿಂದರಾಜು.

ನರಸಮ್ಮ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಇನ್ನೊಬ್ಬ ರವೀಶನಾ?" ಅಂದರು.

ನನಗೆ ಅರ್ಥವಾಗಲಿಲ್ಲ. ಸಿದ್ದಲಕ್ಷ್ಮಮ್ಮ ನನಗೆ ಬಿಡಿಸಿ ಹೇಳಿದರು. "ಹೋದ್ ಆಷಾಢದಲ್ಲೂ ಒಬ್ಬನ್ನ ಕರ್ಕೊಂಡ್ ಬಂದಿದ್ದ ಕಣಪ್ಪ, ಇವನೇ ರವೀಶ ಅಂತ. ಮಂಡೀಲಿ ಇವನ ಜೊತೆ ಕೆಲಸ ಮಾಡೋನು. ನಾನೇ ಹೊಡ್ದೆ, ಹುಳ ಅಲ್ಲ ಅಂತ ಪಾಪ ಚೆನ್ನಾಗೇ ಹೇಳ್ದ. ಅಕ್ಕ ನಂಬೂ ಬುಟ್ಟಿದ್ಲು, ಎದ್ದು ಕುಂತಿದ್ಲು ಅವತ್ತು. ಆಮೇಲೆ ಊಟಕ್ಕೆ ಕುಂತಾಗ ಬದ್ನೆಕಾಯಿ ಎರಡೆರಡು ಸಲ ಹಾಕಿಸ್ಕೊಂಡು ತಿಂದ. ರವೀಶ ಬದ್ನೆಕಾಯಿ ಮುಟ್ಟೋನಲ್ಲ ಅಂತ ಅಕ್ಕಂಗೆ ಗೊತ್ತಲ್ಲ. ಅವತ್ತು ಮಲಗಿದೋಳು ಮತ್ತೆ ಏಳ್ಲಿಲ್ಲ."

ಗೋವಿಂದರಾಜು ನೆಲ ನೋಡುತ್ತಿದ್ದ. ನಾನು ಏಳು ಸಲ ಫೋನು ಎತ್ತದೆ ಕೂತಿದ್ದಾಗ ಅವನಿಗೆ ಬೇರೆ ದಾರಿ ಕಂಡಿರಲಿಲ್ಲ.

ನಾನು ಮಂಚದ ಹತ್ತಿರ ಮಂಡಿಯೂರಿ ಕೂತೆ. "ಅಮ್ಮಾ, ನಾನೇ ಬಂದಿದೀನಿ. ಬದನೆಕಾಯಿ ತಿಂದ್ರೆ ನಾಲಿಗೆ ನವೆ ಅಂತ ನೀವು ನನಗೆ ಬೇರೆ ಮಜ್ಜಿಗೆ ಬಿಡ್ತಿದ್ರಿ. ನಾನು ಒರಳುಕಲ್ಲಿನ ಮೇಲೆ ಕೂತ್ಕೋತಿದ್ದೆ, ದರಿದ್ರ ಬರುತ್ತೆ ಏಳೋ ಅಂತ ಬೈತಿದ್ರಿ. ಸಣ್ಣೈದ ಅಂತಿದ್ರಿ."

ಮುಖ ತಿರುಗಿತು. ಕೈ ತಡಕಾಡಿ ನನ್ನ ಹಣೆ, ಮೂಗು, ಗದ್ದ ಮುಟ್ಟಿ ನೋಡಿತು. "ಸಣ್ಣೈದ..." ಅಂದರು. ಆ ಬಾಯಲ್ಲಿ ನಗು ಬಂತು. ಗೋವಿಂದರಾಜು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡ.

ಎಲ್ಲವನ್ನೂ ಹೇಳಿದೆ. ಮೊದಲ ಎರಡು ಏಟು, ಕ್ಲಾಸಿನ ನಗು, ಯಾರೂ ಹೇಳದೆ ನಾನೇ ಹೊಡೆದ ಮೂರನೆಯದು, ಅದು ಹಿತವಾದದ್ದು, ಮೇಷ್ಟರು ಹೇಳಿಕೊಟ್ಟ ಸುಳ್ಳು. "ನಿಮ್ಮ ಎಣ್ಣೆಯಿಂದ ಏನೂ ಆಗಲಿಲ್ಲಮ್ಮ. ಅದಕ್ಕೂ ಮುಂಚೆನೇ ಕಿವಿ ಹರಿದಿತ್ತು. ಹರಿದಿದ್ದು ನಾನು" ಅಂದೆ. ಹೇಳುವಾಗ ಅಳು ಬಂತು, ತಡೆಯಲಿಲ್ಲ.

ನರಸಮ್ಮ ಪೂರ್ತಿ ಕೇಳಿದರು. ಆಮೇಲೆ, "ಅವತ್ತು ಇವನ ಕೈ ಹಿಡ್ಕೊಂಡು ಬಾಗಿಲಲ್ಲಿ ನಿಂತು ಹುಳ ಹೋಗೈತೆ ಅಂದೋನು ನೀನೇ ಅಲ್ವೇನಪ್ಪ?" ಅಂದರು.

"ಹೌದು. ಸುಳ್ಳು ಹೇಳಿದೆ."

"ಅವತ್ತು ಹುಳ ಅಂತ ಅತ್ತೆ. ಇವತ್ತು ಏಟು ಅಂತ ಅಳ್ತೀಯ. ಯಾವ್ದನ್ನ ನಂಬ್ಲಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. "ಮೇಷ್ಟ್ರೂ ಮನೆಗೆ ಬಂದು ಹುಳ ಅಂತಲೇ ಹೇಳುದ್ರು. ನಾಲ್ಕಕ್ಷರ ಕಲಿಸೋರು, ಅವ್ರು ಯಾಕಪ್ಪ ಸುಳ್ಳು ಹೇಳ್ತಾರೆ?"

ಗೋವಿಂದರಾಜು ನನ್ನನ್ನು ನೋಡಿದ. ನಾನು ಫೋನು ತೆಗೆದು ಮೇಷ್ಟರಿಗೆ ಹಚ್ಚಿ, ಸ್ಪೀಕರ್ ಹಾಕಿ ಮಂಚದ ಮೇಲೆ ಇಟ್ಟೆ. ಎತ್ತಿದರು. "ಸಾರ್, ನಿಮ್ಮ ದಮ್ಮಯ್ಯ ಅಂತೀನಿ, ತಾಯಿ ಕೇಳ್ತಾ ಇದಾರೆ, ನಿಜ ಹೇಳಿಬಿಡಿ. ಯಾರ ಮೇಲೂ ಕೇಸಿಲ್ಲ, ದೂರಿಲ್ಲ. ಹುಳ ಅಲ್ಲ ಅಂತ ಅಷ್ಟೇ ಹೇಳಿ."

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಸಣ್ಣದು ಮಾಡಿದರು. ಮೇಷ್ಟರು ಗಂಟಲು ಸರಿಮಾಡಿಕೊಂಡು ಬಹಳ ಮೃದುವಾಗಿ ಹೇಳಿದರು. "ಅಮ್ಮಾ, ನಮಸ್ಕಾರ. ನಿಮ್ಮ ಮಗನ ಕಿವಿಗೆ ಹುಳ ಹೋಗಿತ್ತು ಅಂತಲೇ ನನ್ನ ನೆನಪು. ಹಳೇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಆರೋಗ್ಯ ನೋಡ್ಕೊಳ್ಳಿ."

ಗೋವಿಂದರಾಜು ಫೋನು ಕಿತ್ತುಕೊಂಡು, "ಮೇಷ್ಟ್ರೇ! ಮೇಷ್ಟ್ರೇ!" ಅಂತ ಕಿರುಚಿದ. ಲೈನು ಕಟ್ಟಾಗಿತ್ತು. ಅದು ಅವನಿಗೆ ತಿಳಿಯಲಿಲ್ಲ, ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಕಾಯುತ್ತಲೇ ಇದ್ದ. ಕೋಮಲಾ ಬಂದು ಅವನ ಕೈಯಿಂದ ಬಿಡಿಸಬೇಕಾಯಿತು.

ನರಸಮ್ಮ ನಿಟ್ಟುಸಿರು ಬಿಟ್ಟರು. ಏನೋ ಒಂದು ಗಳಿಗೆ ಬಂದು ಹೋದ ಹಾಗಿತ್ತು ಅವರ ಮುಖದಲ್ಲಿ. ಮತ್ತೆ ಕೈ ಚಾಚಿ ನನ್ನ ಕಣ್ಣು ಒರೆಸಿದರು.

"ಅಳಬ್ಯಾಡ ಮಗ. ನನ್ ಪಾಪನ ನಿನ್ ತಲೆ ಮೇಲೆ ಹೊತ್ಕೊಳ್ಳಾಕೆ ಅಷ್ಟ್ ದೂರದಿಂದ ಬಂದಿದೀಯ. ಇಂಥ ಸ್ನೇಹಿತ ಯಾರಿಗಪ್ಪ ಸಿಕ್ತಾನೆ? ಆ ದ್ಯಾವ್ರು ನಿನ್ನ, ನಿನ್ ಮಕ್ಕಳನ್ನ ಚೆನ್ನಾಗಿ ಇಟ್ಟಿರ್ಲಿ. ಮಾಡಿದ್ದು ನಾನು, ನಾನೇ ಉಣ್ತೀನಿ ಬುಡು." ಹಾಗಂದು ಗೋಡೆಯ ಕಡೆಗೆ ತಿರುಗಿದರು.

ನಾನು ಹಾಗಲ್ಲಮ್ಮ, ಹಾಗಲ್ಲಮ್ಮ ಅನ್ನುತ್ತಲೇ ಇದ್ದೆ. ಗೋವಿಂದರಾಜು ನನ್ನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದ. ಕಾರಿನ ಹತ್ತಿರ ನಿಂತು ನಾನೇ ಕೇಳಿದೆ, ಆಷಾಢದಲ್ಲಿ ನಾನು ಬಂದಿದ್ದರೆ ನಂಬುತ್ತಿದ್ದರಾ ಅಂತ. ಅವನು ತಲೆ ಎಡಕ್ಕೆ ತಿರುಗಿಸಿ ಕೇಳಿಸಿಕೊಂಡ. "ನಂಬ್ತಿದ್ಲು ಕಣೋ" ಅಂದ. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ವಾಸಿಯಾಗಿತ್ತು.

ಒಂಬತ್ತು ದಿನಕ್ಕೆ ನರಸಮ್ಮ ತೀರಿಕೊಂಡರು. ಗ್ರೂಪಿನಲ್ಲಿ ನಲವತ್ತು ಕೈಮುಗಿದ ಗುರುತು ಬಂದವು. ಮೇಷ್ಟರ ಸಂತಾಪವನ್ನೂ ಹನುಮಂತರಾಜು ಅವರ ಪರವಾಗಿ ಹಾಕಿದ. ಮಣ್ಣಿಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ತಿಥಿಯ ದಿನ ಹೋದೆ. ಗೋವಿಂದರಾಜು ತಲೆ ಬೋಳಿಸಿಕೊಂಡು ಒಲೆಗಳ ಹತ್ತಿರ ಓಡಾಡುತ್ತಿದ್ದ. ನನ್ನನ್ನು ನೋಡಿ ಬಾ ಅಂತ ಕೈಸನ್ನೆ ಮಾಡಿದ. ಕಡೆಯ ದಿನದವರೆಗೂ ಎಣ್ಣೆ, ಎಣ್ಣೆ ಅಂತಲೇ ಕನವರಿಸಿದರು ಅಂತ ಕೋಮಲಾ ಹೇಳಿದಳು.

ಊಟಕ್ಕೆ ಕೂರಿಸುವಾಗ ಸಿದ್ದಲಕ್ಷ್ಮಮ್ಮ ನನ್ನ ಕೈಹಿಡಿದು ನೆಂಟರ ಸಾಲಿನಲ್ಲಿ ನಡುವೆ ಕೂರಿಸಿದರು. ಪಕ್ಕದವರು ಇವರು ಯಾರು ಅಂತ ಕೇಳಿದರು.

"ನಮ್ ಗೋವಿಂದನ ಸ್ನೇಹಿತ, ತುಮಕೂರೋರು. ಅಕ್ಕನ ಸಮಾಧಾನಕ್ಕೆ ಅಂತ ತಾನೇ ಹೊಡ್ದೆ ಅಂತ ಬಂದು ಸುಳ್ಳು ಹೇಳಿದ್ರಲ್ಲ, ಅವ್ರೇ. ಈ ಕಾಲದಲ್ಲಿ ಯಾರು ಹಂಗೆ ಮಾಡ್ತಾರೆ ಹೇಳಿ" ಅಂದರು ಸಿದ್ದಲಕ್ಷ್ಮಮ್ಮ.

ಅವರೆಲ್ಲ ನನಗೆ ಕೈಮುಗಿದರು. ಸಾಲಿನ ಕೊನೆಯಲ್ಲಿ ಅನ್ನದ ಬಕೆಟ್ಟು ಹಿಡಿದು ನಿಂತಿದ್ದ ಗೋವಿಂದರಾಜುವಿನ ಎಡಗಿವಿ ನಮ್ಮ ಕಡೆಗಿತ್ತು, ಅವನಿಗೆ ಕೇಳಿಸಲಿಲ್ಲ. ನಾನು ಬಾಯಿ ತೆರೆದೆ. ಏನು ಹೇಳಿದರೂ ಅದು ಇನ್ನೂ ಒಳ್ಳೆಯ ಸುಳ್ಳಾಗುತ್ತಿತ್ತು. ತಲೆ ತಗ್ಗಿಸಿ ಊಟ ಮಾಡಿದೆ.